ಮುಂಗಾರು, ಹಿಂಗಾರು

‘ಕಾರ್’ ಎಂದರೆ ಮಳೆಗಾಲ. ಮುಂದು, ಹಿಂದುಗಳೊಡನೆ ಕೂಡಿ ಅದು ಮುಂಗಾರು, ಹಿಂಗಾರು ಆಗಿದೆ. ನಿಘಂಟು ಇಲ್ಲಿಗೇ ನಿಲ್ಲುವುದು. ಆದರೆ ಈ ಎರಡು ಶಬ್ದಗಳ ಹಿಂದೆ ಎರಡು ಸಮುದ್ರಗಳಿವೆ. ಬೇಸಗೆಯಲ್ಲಿ ನೆಲವು ಕಡಲಿಗಿಂತ ಬೇಗನೆ ಕಾಯುವುದರಿಂದ ಅರಬ್ಬೀ ಸಮುದ್ರದ ತೇವಗಾಳಿಯು ಜೂನ್ ತಿಂಗಳಲ್ಲಿ ಒಳನಾಡಿನತ್ತ ಹರಿದು, ಸಹ್ಯಾದ್ರಿಯನ್ನೇರುವಾಗ ತಣಿದು, ಕಾರವಾರದ ಸೀಮೆಯಲ್ಲಿಯೇ ಬಹುಪಾಲು ಸುರಿದುಬಿಡುವುದು. ಘಟ್ಟದ ಮರೆಯಲ್ಲಿರುವ ಹುಬ್ಬಳ್ಳಿಯ ಕೇಶ್ವಾಪುರಕ್ಕೆ ಅಲ್ಪಾಂಶವೇ ದಕ್ಕುವುದು. ಮೂಡಲ ನವಲಗುಂದಕ್ಕೆ ಇನ್ನೂ ಕಡಮೆ. ಅಕ್ಟೋಬರದಲ್ಲಿ ಗಾಳಿಯು ದಿಕ್ಕು ತಿರುಗಿ ಬಂಗಾಲ ಉಪಸಾಗರದ ಕಡೆಯಿಂದ ಹಿಂಗಾರನ್ನು ತರುವುದು. ಎರೆಹೊಲದ ಬಿಳಿಜೋಳ, ಕಡಲೆಗಳಿಗೆ ಇದೇ ಆಧಾರ. ಶಾಂತಸಾಗರವೂ ನಮಗೆ ಪರಕೀಯವಲ್ಲ. ಅದರ ಪೂರ್ವಭಾಗವು ಅತಿಯಾಗಿ ಕಾಯುವುದಕ್ಕೆ ಎಲ್ ನಿನೊ ಎನ್ನುವರು. ಅಂಥ ವರ್ಷಗಳಲ್ಲಿ ಮುಂಗಾರು ಹಲವು ಸಲ ಸೊರಗುವುದು. ಧಾರವಾಡ ಜಿಲ್ಲೆಯೂ ತತ್ತರಿಸಿದ 1876-78ರ ಮಹಾಕ್ಷಾಮದ ನಡುವೆ, 1877ರಲ್ಲಿ, ಅದು ಅಸಾಧಾರಣ ಪ್ರಬಲವಾಗಿದ್ದಿತು.