ಕೌಶಲವನ್ನು ತೂಗುವುದು ಹೇಗೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸುತ್ತಿನ ಊರುಗಳಲ್ಲಿ ಜಾತ್ರೆಯೊಡನೆ ಕುಸ್ತಿಯ ಪಂದ್ಯಗಳೂ ನಡೆಯುವುದುಂಟು. ಅಲ್ಲಿ ಜೋಡಿಗಳನ್ನು ಗೊತ್ತುಮಾಡುವ ಹಿರಿಯರು ಪೈಲವಾನರ ಮೈಕಟ್ಟು, ವಯಸ್ಸು, ತಾಲೀಮು, ಹಿಂದಿನ ಸೋಲುಗೆಲವು ಇವೆಲ್ಲವನ್ನೂ ಮನಸ್ಸಿನಲ್ಲಿಯೇ ತೂಗಿ ನೋಡಿ, ಇವನಿಗೆ ಇವನು ಸರಿ ಎಂದು ತೀರ್ಮಾನಿಸುತ್ತಾರೆ. ಸರಿಸಮನಾದ ಜೋಡಿಗೆ ಗಡಿಯಾಚೆಯ ಮರಾಠಿಯಲ್ಲಿ ‘ಕಾಟಾಜೋಡ’ ಎಂಬ ಮಾತಿದೆ. ಕಾಟಾ ಎಂದರೆ ತಕ್ಕಡಿಯ ಮುಳ್ಳು. ಮುಳ್ಳು ಯಾವ ಕಡೆಗೂ ವಾಲದಂತಹ ಜೋಡಿಯೆಂದು ಅದರ ಅರ್ಥ.

ಆದರೆ ಮನುಷ್ಯನ ಕೌಶಲವನ್ನು ತೂಗುವ ತಕ್ಕಡಿ ಎಲ್ಲಿದೆ? ಹಿರಿಯರ ಅನುಭವ ಹತ್ತಾರು ಪೈಲವಾನರಿಗೆ ಸಾಕು. ನೂರಾರು ತಂಡಗಳು, ಸಾವಿರಾರು ಆಟಗಾರರು ಸೇರುವ ಪಂದ್ಯಾವಳಿಗೆ ಅದು ಸಾಲದು. ಈ ಪ್ರಶ್ನೆಗೆ ಗಣಿತಶಾಸ್ತ್ರವು ಕೊಟ್ಟಿರುವ ಉತ್ತರವನ್ನು ಇಲ್ಲಿ ಪರಿಶೀಲಿಸೋಣ.

ತೂಕದ ತಕ್ಕಡಿ

ದೇಹದ ತೂಕವನ್ನು ಅಳೆಯುವುದು ಸುಲಭ. ಆದುದರಿಂದಲೇ ಕುಸ್ತಿಯಲ್ಲಿ ತೂಕದ ವರ್ಗಗಳು ಹುಟ್ಟಿದವು. ಕೊಲ್ಲಾಪುರದಲ್ಲಿ ಪಳಗಿದ ಖಾಶಾಬಾ ಜಾಧವರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ 52 ಕಿಲೋಗ್ರಾಂ ವರ್ಗದಲ್ಲಿ ಆರನೆಯವರಾದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 57 ಕಿಲೋಗ್ರಾಂ ವರ್ಗದಲ್ಲಿ ಕಂಚಿನ ಪದಕ ಪಡೆದರು. ವರ್ಗಗಳಿಲ್ಲದಿದ್ದರೆ ಅವರು ತಮ್ಮ ಇಮ್ಮಡಿ ತೂಕದವರೊಡನೆಯೂ ಸೆಣಸಬೇಕಾಗುತ್ತಿತ್ತು. ಕಬಡ್ಡಿಯಲ್ಲಿಯೂ ತಂಡದ ಪ್ರತಿಯೊಬ್ಬನಿಗೆ ತೂಕದ ಮಿತಿಯನ್ನು ವಿಧಿಸುವ ರೂಢಿಯಿದೆ.

ಆದರೆ ಒಂದೇ ತೂಕದ ಇಬ್ಬರು ಒಂದೇ ಕೌಶಲವುಳ್ಳವರಾಗಿರಬೇಕಿಲ್ಲ. ಟೆನಿಸ್, ಚದುರಂಗದಂತಹ ಆಟಗಳಲ್ಲಂತೂ ತೂಕವು ಏನನ್ನೂ ಹೇಳಲಾರದು. ಅಲ್ಲಿ ಕೌಶಲವನ್ನು ನೇರವಾಗಿ ಕಾಣುವಂತಿಲ್ಲ. ಗಾಳಿಯ ವೇಗವನ್ನು ಎಲೆಗಳ ಅಲುಗಾಟದಿಂದ ಊಹಿಸುವಂತೆ, ಪಂದ್ಯಗಳ ಫಲದಿಂದಲೇ ಅದನ್ನು ಊಹಿಸಬೇಕು.

ಎಲೋ ಅವರ ಲೆಕ್ಕಾಚಾರ

ಈ ಊಹೆಗೆ ಸಮರ್ಪಕವಾದ ಕ್ರಮವನ್ನು ಕೊಟ್ಟವರು ಅರ್ಪಾದ್ ಎಲೋ (1903–1992). ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ಚದುರಂಗದ ಆಟಗಾರರೂ ಆಗಿದ್ದರು. ಅವರ ಕ್ರಮವನ್ನು ಅಮೆರಿಕದ ಚದುರಂಗ ಒಕ್ಕೂಟವು 1960ರಲ್ಲಿಯೂ, ಅಂತರರಾಷ್ಟ್ರೀಯ ಒಕ್ಕೂಟವು 1970ರಲ್ಲಿಯೂ ಅಂಗೀಕರಿಸಿದವು.

ಅದರ ತಿರುಳು ಸರಳವಾದುದು. ಪ್ರತಿಯೊಬ್ಬ ಆಟಗಾರನಿಗೂ ಒಂದು ಅಂಕವಿರುತ್ತದೆ. ಇಬ್ಬರ ಅಂಕಗಳ ಅಂತರದಿಂದ ಅವರ ನಡುವಣ ಪಂದ್ಯದ ನಿರೀಕ್ಷಿತ ಫಲ ತಿಳಿಯುತ್ತದೆ. ಅಂತರ ಸೊನ್ನೆಯಾದರೆ ನೂರಕ್ಕೆ 50ರಂತೆ ಇಬ್ಬರೂ ಸಮ. ಅಂತರ 100 ಆದರೆ ಬಲಶಾಲಿಗೆ ನೂರಕ್ಕೆ 64, 200 ಆದರೆ 76, 400 ಆದರೆ 91ರಷ್ಟು ಪಾಲನ್ನು ನಿರೀಕ್ಷಿಸಬಹುದು.

ಪಂದ್ಯವಾದ ಬಳಿಕ ನಿರೀಕ್ಷಿಸಿದುದನ್ನೂ ನಡೆದುದನ್ನೂ ಹೋಲಿಸಿ, ವ್ಯತ್ಯಾಸವನ್ನು 20ರಂತಹ ಒಂದು ಗುಣಕದಿಂದ ಗುಣಿಸಿ ಅಂಕವನ್ನು ತಿದ್ದುತ್ತಾರೆ. 1600 ಅಂಕದವನು 1400 ಅಂಕದವನನ್ನು ಗೆದ್ದನೆನ್ನಿ. ಅದು ನಿರೀಕ್ಷಿತವೇ, ಅವನಿಗೆ ಸುಮಾರು 5 ಅಂಕ ಮಾತ್ರ ಹೆಚ್ಚುತ್ತದೆ. ಸೋತರೆ ಸುಮಾರು 15 ಅಂಕ ಕಳೆಯುತ್ತದೆ. ಅನಿರೀಕ್ಷಿತ ಫಲವು ಹೆಚ್ಚು ಸುದ್ದಿಯನ್ನು ತರುತ್ತದೆ. ಆದುದರಿಂದ ತಿದ್ದುಪಡಿಯೂ ಹೆಚ್ಚು. ಹೊಸಬನ ವಿಷಯದಲ್ಲಿ ನಮಗೆ ತಿಳಿದಿರುವುದು ಕಡಿಮೆಯಾದುದರಿಂದ ಅಂತರರಾಷ್ಟ್ರೀಯ ಚದುರಂಗದಲ್ಲಿ ಅವನಿಗೆ 40ರ ಗುಣಕವನ್ನು ಬಳಸುತ್ತಾರೆ. 2400 ಅಂಕ ಮುಟ್ಟಿದ ಪಳಗಿದ ಆಟಗಾರನಿಗೆ 10 ಸಾಕು.

ಟೆನಿಸ್ ತಂಡಗಳ ನಿಯಮ

ಉದ್ಯೋಗಸ್ಥರೂ ಗೃಹಿಣಿಯರೂ ಬಿಡುವಿನ ವೇಳೆಯಲ್ಲಿ ತಂಡ ಕಟ್ಟಿಕೊಂಡು ಆಡುವ ಟೆನಿಸ್ ಪಂದ್ಯಾವಳಿಗಳು ಅಮೆರಿಕದಲ್ಲಿ ಬಹಳ ವ್ಯಾಪಕವಾಗಿವೆ. ಅವುಗಳಿಗಾಗಿ 1970ರ ದಶಕದ ಕೊನೆಯಲ್ಲಿ 1.0ರಿಂದ 7.0ರವರೆಗಿನ ಒಂದು ಶ್ರೇಣಿಯನ್ನು ರೂಪಿಸಿದರು. ಮೆಟ್ಟಿಲುಗಳ ನಡುವೆ ಅರ್ಧ ಅಂಕದ ಅಂತರ. 3.5ರ ತಂಡದ ಪಟ್ಟಿಯಲ್ಲಿ 3.5ಕ್ಕಿಂತ ಮೇಲಿನವರಿಗೆ ಸ್ಥಾನವಿಲ್ಲ. ಗಂಡಸರೂ ಹೆಂಗಸರೂ ಜೊತೆಗೂಡುವ ಜೋಡಿಯಾಟದಲ್ಲಿ ಇಬ್ಬರ ಮೊತ್ತಕ್ಕೆ ಮಿತಿಯುಂಟು: ಮೊತ್ತ 7.0 ಎಂದಿದ್ದರೆ 4.0ರವನು 3.0ರವಳೊಡನೆ ಆಡಬಹುದು.

ಹೊಸಬರು ಒಂದು ಪ್ರಶ್ನಾವಳಿಗೆ ಉತ್ತರಿಸಿ ತಮ್ಮ ಮಟ್ಟವನ್ನು ತಾವೇ ಸೂಚಿಸುತ್ತಾರೆ. ಇಲ್ಲಿಯೇ ತೊಡಕು. ತನ್ನನ್ನು ಕೀಳಂದಾಜು ಮಾಡಿಕೊಂಡವನಿಗೆ ಸುಲಭವಾದ ಗೆಲವು ದೊರೆಯುತ್ತದೆ. ಅವನೆದುರು ನಿಂತ ನಿಜವಾದ ಹೊಸಬರು ಬೇಸತ್ತು ಆಟವನ್ನೇ ಬಿಡಬಹುದು. ಇದನ್ನು ತಡೆಯಲು ಗಣಕಯಂತ್ರವು ಪ್ರತಿಯೊಂದು ಪಂದ್ಯದ ಫಲವನ್ನು ಪರಿಶೀಲಿಸಿ, ಅಂಕದ ನೂರನೆಯ ಒಂದು ಭಾಗದವರೆಗೂ ಲೆಕ್ಕವಿಡುತ್ತದೆ. ಸ್ವಯಂಸೂಚಿತ ಮಟ್ಟದವನ ಆಟವು ಗೊತ್ತಾದ ಮಿತಿಯನ್ನು ಮೂರು ಸಲ ಮೀರಿತೆಂದರೆ ಅವನನ್ನು ಆ ಮಟ್ಟದಿಂದ ತೆಗೆದುಹಾಕುತ್ತಾರೆ. ಒಂದು ಸಲ ಮೀರಿದರೆ ಅದು ಅದೃಷ್ಟದ ದಿನವಿರಬಹುದು. ಮೂರು ಸಲ ಮೀರಿದರೆ ಅದೃಷ್ಟವೆಂದು ನಂಬುವುದು ಕಷ್ಟ. ಸಂಖ್ಯಾಶಾಸ್ತ್ರದ ದೃಷ್ಟಿಯೇ ಇಲ್ಲಿ ನಿಯಮವಾಗಿದೆ.

ಸರದಿಯ ತಂತ್ರ

ಆಟಗಾರರ ಅಂಕಗಳು ಸರಿಯಾಗಿದ್ದರೂ ತಂಡಗಳ ನಡುವೆ ನ್ಯಾಯ ಕೆಡಬಹುದು. ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದ ತಂಡಕ್ಕೆ ಜಯವೆಂದಿಟ್ಟುಕೊಳ್ಳೋಣ. ಮೊದಲನೆಯ ತಂಡದವರ ಅಂಕಗಳು 1800, 1600, 1400. ಎರಡನೆಯ ತಂಡದವರವು 1750, 1550, 1350. ಬಲದ ಕ್ರಮದಲ್ಲಿ ಆಡಿದರೆ ಎರಡನೆಯ ತಂಡದ ಪ್ರತಿಯೊಬ್ಬನೂ 50 ಅಂಕ ಹಿಂದಿದ್ದಾನೆ. ಅವರು ಗೆಲ್ಲುವ ಸಂಭವ ನೂರಕ್ಕೆ ಸುಮಾರು 39 ಮಾತ್ರ.

ಈಗ ಅವರ ನಾಯಕನು ಸರದಿಯನ್ನು ಬದಲಿಸಿ, 1350ರವನನ್ನು 1800ರವನ ಎದುರಿಗೆ ನಿಲ್ಲಿಸುತ್ತಾನೆ. ಆ ಪಂದ್ಯ ಹೋದಂತೆಯೇ. ಆದರೆ ಅವನ 1750ರವನಿಗೆ 1600ರವನೂ, 1550ರವನಿಗೆ 1400ರವನೂ ಎದುರಾಗುತ್ತಾರೆ. ಈ ಎರಡರಲ್ಲಿಯೂ ನೂರಕ್ಕೆ 70ರಷ್ಟು ಅನುಕೂಲ ಅವನ ಕಡೆಗಿದೆ. ಒಟ್ಟು ಲೆಕ್ಕ ಹಾಕಿದರೆ ತಂಡ ಗೆಲ್ಲುವ ಸಂಭವ ನೂರಕ್ಕೆ ಸುಮಾರು 52ಕ್ಕೆ ಏರುತ್ತದೆ! ಯಾರ ಕೌಶಲವೂ ಬದಲಾಗಿಲ್ಲ. ಬದಲಾದುದು ಸರದಿ ಮಾತ್ರ. ಅಮೆರಿಕದ ಕಾಲೇಜುಗಳ ಟೆನಿಸ್ ಪಂದ್ಯಗಳಲ್ಲಿ ಆಟಗಾರರನ್ನು ಬಲದ ಕ್ರಮದಲ್ಲಿಯೇ ಇಳಿಸಬೇಕೆಂಬ ನಿಯಮವಿರುವುದಕ್ಕೆ ಇದೇ ಕಾರಣ.

ಹೊಳೆಯ ಎರಡು ದಡ

ಇನ್ನೊಂದು ತೊಡಕನ್ನು ನಮ್ಮ ಭಾಗದ ಭೂಗೋಳದಿಂದಲೇ ವಿವರಿಸಬಹುದು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳು ಕೃಷ್ಣಾ ನದಿಯ ದಕ್ಷಿಣಕ್ಕಿವೆ. ಅಥಣಿ, ಕಾಗವಾಡಗಳು ಉತ್ತರಕ್ಕಿವೆ. ದಕ್ಷಿಣ ದಡದವರು ತಮ್ಮತಮ್ಮಲ್ಲಿಯೂ, ಉತ್ತರ ದಡದವರು ತಮ್ಮತಮ್ಮಲ್ಲಿಯೂ ಮಾತ್ರ ಆಡುತ್ತಾರೆಂದು ಭಾವಿಸೋಣ. ಆಗ ಚಿಕ್ಕೋಡಿಯ 1600ಕ್ಕೂ ಅಥಣಿಯ 1600ಕ್ಕೂ ಸಂಬಂಧವೇ ಇರುವುದಿಲ್ಲ. ಅಂಕವು ಬೆಟ್ಟದ ಎತ್ತರವಿದ್ದಂತೆ ಅಲ್ಲ. ಅದು ಯಾರೊಡನೆ ಆಡಿದರೋ ಅವರಿಗೆ ಹೋಲಿಸಿದ ಬೆಲೆ. ಎರಡು ದಡಗಳ ತಂಡಗಳು ಆಗಾಗ ಹೊಳೆ ದಾಟಿ ಪರಸ್ಪರ ಆಡಿದಾಗಲೇ ಎರಡೂ ಅಳತೆಗೋಲುಗಳು ಒಂದಾಗುತ್ತವೆ.

ಈ ಲೆಕ್ಕಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಕಾಲೇಜಿನ ಚದುರಂಗ, ಕೇರಂ ಅಥವಾ ಬ್ಯಾಡ್ಮಿಂಟನ್ ಪಂದ್ಯಾವಳಿಗೆ ಒಂದು ನೋಟುಪುಸ್ತಕ ಸಾಕು. ಎಲ್ಲರಿಗೂ ಮೊದಲು 1500 ಅಂಕ ಕೊಟ್ಟು, ಪ್ರತಿಯೊಂದು ಪಂದ್ಯದ ಬಳಿಕ ತಿದ್ದುತ್ತ ಹೋದರೆ ಕೆಲವು ತಿಂಗಳುಗಳಲ್ಲಿ ಬಲಾಬಲಗಳು ತಾವಾಗಿಯೇ ತೋರಿಬರುವುವು. ಅದರ ನೆರವಿನಿಂದ ತಂಡಗಳನ್ನು ಸಮನಾಗಿ ಹಂಚಬಹುದು.

ಆದರೆ ಅಂಕವೆಂಬುದು ವ್ಯಕ್ತಿಯ ಯೋಗ್ಯತೆಯ ತೀರ್ಪಲ್ಲವೆಂಬುದನ್ನು ಮರೆಯಬಾರದು. ಅದು ನಿನ್ನೆಯವರೆಗಿನ ಪಂದ್ಯಗಳಿಂದ ಕಟ್ಟಿದ ಒಂದು ಅಂದಾಜು. ನಾಳೆಯ ಪಂದ್ಯವು ಅದನ್ನು ತಿದ್ದುತ್ತದೆ. ತಿದ್ದುಪಡಿಗೆ ಸದಾ ತೆರೆದಿರುವುದೇ ವಿಜ್ಞಾನದ ಎಲ್ಲ ಅಳತೆಗಳ ಲಕ್ಷಣ. ಈ ತಕ್ಕಡಿಯಿಂದ ಆಗಬೇಕಾದ ಕೆಲಸ ಇಷ್ಟೇ: ಇಂದು ಮೊದಲ ಸಲ ಕಣಕ್ಕಿಳಿದ ಆಟಗಾರನಿಗೂ ತನಗೆ ಸರಿಸಮನಾದ ಎದುರಾಳಿ ಸಿಗಬೇಕು, ಗೆಲ್ಲುವ ಆಸೆ ಅವನಿಗೂ ಉಳಿದಿರಬೇಕು.