ಸಭಾನಿರ್ವಹಣೆಯೂ ಅರ್ಥಾಂತರದೋಷವೂ

ಒಡಗೂಡಿ ಬೆಳಗುವ ಎಡೆಯೇ ಸಭೆ ಎಂದು ಪ್ರಾಚೀನ ವ್ಯಾಖ್ಯಾನಕಾರರು ಆ ಶಬ್ದವನ್ನು ನಿರ್ವಚಿಸಿರುವರು. 'ಭಾ' ಎಂಬ ಧಾತುವಿಗೆ ಬೆಳಗುವುದೆಂದು ಅರ್ಥ. ಮಧ್ಯಾಹ್ನ ಮೂರು ಗಂಟೆಗೆ ಕೂಡಿ, ದೀಪ ಹಚ್ಚುವ ಹೊತ್ತಿಗೆ ಯಾವ ನಿರ್ಣಯವೂ ಇಲ್ಲದೆ ಚದುರುವ ಶಾಲಾ ಕಚೇರಿಗಳ ಸಭೆಗಳನ್ನು ಬಲ್ಲವರಿಗೆ ಈ ನಿರ್ವಚನವು ಪರಿಹಾಸದಂತೆ ತೋರಿದರೆ ಅಚ್ಚರಿಯಿಲ್ಲ.

ಮಾತು ಹಿಡಿಯುವ ಅಡ್ಡದಾರಿಗಳನ್ನು ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ಗುರುತಿಸಿದ್ದರು. ನ್ಯಾಯದರ್ಶನವು ಚರ್ಚೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸುತ್ತದೆ. ತತ್ತ್ವವನ್ನು ಅರಿಯಲು ನಡೆಯುವುದು ವಾದ; ಗೆಲ್ಲಲು ನಡೆಯುವುದು ಜಲ್ಪ; ತನ್ನದೊಂದು ಪಕ್ಷವನ್ನೇ ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುತ್ತ ಹೋಗುವುದು ವಿತಂಡಾ. ಗೌತಮನ ಸೂತ್ರಗಳು ಇಷ್ಟಕ್ಕೇ ನಿಲ್ಲದೆ, ವಾದಿಯು ಸೋಲುವ ಎಡೆಗಳಾದ 22 ನಿಗ್ರಹಸ್ಥಾನಗಳನ್ನೂ ಎಣಿಸಿವೆ. ಪ್ರಕೃತ ವಿಷಯವನ್ನು ಬಿಟ್ಟು ಸಂಬಂಧವಿಲ್ಲದ್ದನ್ನು ನುಡಿಯುವುದು ಅರ್ಥಾಂತರ. ಆಡಿದ್ದನ್ನೇ ಆಡುವುದು ಪುನರುಕ್ತ. ಕ್ರಮ ತಪ್ಪಿಸಿ ಹೇಳುವುದು ಅಪ್ರಾಪ್ತಕಾಲ. ಬೇರೆ ಕೆಲಸವಿದೆಯೆಂಬ ನೆಪದಿಂದ ಚರ್ಚೆಯನ್ನು ಮುರಿದು ಹೊರಡುವುದು ವಿಕ್ಷೇಪ. ಸಭೆಯ ನಡುವೆ 'ಬಸ್ಸಿನ ಹೊತ್ತಾಯಿತು' ಎಂದು ಚೀಲ ಎತ್ತಿಕೊಳ್ಳುವವರನ್ನು ಕಂಡೇ ಈ ಕೊನೆಯ ಸೂತ್ರವು ಹುಟ್ಟಿತೋ ಎನಿಸುತ್ತದೆ. ಆದರೆ ನಿಜವಾಗಿಯೇ ಬಸ್ಸು ಹಿಡಿಯಬೇಕಾದವರೂ ಉಂಟು. ಅಲ್ಲಿ ದೋಷವು ಹೊತ್ತು ಮೀರಿಸಿದವರದು.

ಒಂದು ಪ್ರೌಢಶಾಲೆಯ ಡಿಸೆಂಬರ್ ತಿಂಗಳ ಸಭೆಯನ್ನು ಊಹಿಸಿಕೊಳ್ಳಬಹುದು. ಮೊದಲ ವಿಷಯ ವಾರ್ಷಿಕೋತ್ಸವದ ಚಪ್ಪರ, ಎರಡನೆಯದು ಆ ದಿನದ ಊಟ, ನಾಲ್ಕನೆಯದು ಗಣಿತದಲ್ಲಿ ಹಿಂದೆ ಬಿದ್ದಿರುವ ಹತ್ತನೆಯ ತರಗತಿಯ ಮಕ್ಕಳು. ಹೋಳಿಗೆಯೋ ಗೋಧಿ ಹುಗ್ಗಿಯೋ ಎಂಬ ಪ್ರಶ್ನೆಗೆ ಎಲ್ಲರಲ್ಲಿಯೂ ಉತ್ತರವುಂಟು. ಭಿನ್ನರಾಶಿಯೇ ತಿಳಿಯದ ಮಗುವಿಗೆ ಬೀಜಗಣಿತವನ್ನು ಹೇಗೆ ಕಲಿಸಬೇಕೆಂಬುದಕ್ಕೆ ಇಬ್ಬರಲ್ಲಿಯೂ ಇಲ್ಲ. ಆದ್ದರಿಂದ ಊಟಕ್ಕೆ ಒಂದು ತಾಸು ಸಲ್ಲುತ್ತದೆ, ನಾಲ್ಕನೆಯ ವಿಷಯವು ಮುಂದಿನ ಸಭೆಗೆ ಹೋಗುತ್ತದೆ. ಮುಂದಿನ ಸಭೆ ಒಂದು ತಿಂಗಳ ತರುವಾಯ. ಆಮೇಲೆ ಪರೀಕ್ಷೆಗೆ ಉಳಿಯುವ ವಾರಗಳು ಕೆಲವೇ. ಆ ಮಕ್ಕಳಾದರೋ ಸಭೆಯಲ್ಲಿ ಕುಳಿತವರಲ್ಲ, ತಮ್ಮ ಸರದಿ ತಪ್ಪಿತೆಂದು ಎದ್ದು ಹೇಳಲಾರರು.

ಇದು ನಮ್ಮ ನಾಡಿಗಷ್ಟೇ ಅಂಟಿದ ದೋಷವಲ್ಲ. ಇಂಗ್ಲೆಂಡಿನ ಪಾರ್ಕಿನ್ಸನ್ ಎಂಬ ಲೇಖಕನು 1957ರಲ್ಲಿ ಪ್ರಕಟವಾದ ತನ್ನ ವಿನೋದಗ್ರಂಥದಲ್ಲಿ, ಒಂದು ಕೋಟಿ ಪೌಂಡಿನ ಅಣುಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ನಿಲ್ಲಿಸುವ ಮಾಡಿನ ಬಗೆಗೆ ಮುಕ್ಕಾಲು ಗಂಟೆ ಕಾದಾಡುವ ಸಮಿತಿಯೊಂದನ್ನು ಚಿತ್ರಿಸಿದ್ದಾನೆ. ಸ್ಥಾವರವು ಯಾರಿಗೂ ತಿಳಿಯದು, ಮಾಡು ಎಲ್ಲರಿಗೂ ತಿಳಿಯುವುದು.

ಪರಿಹಾರವು ಕಾರ್ಯಸೂಚಿಯಿಂದ ಮೊದಲಾಗಬೇಕು. 'ಗಣಿತ ಬೋಧನೆ' ಎಂದಷ್ಟೇ ಬರೆದರೆ ಅದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ಅದರಡಿಯಲ್ಲಿ ಪಠ್ಯಪುಸ್ತಕದ ನಿಂದೆಯಿಂದ ಹಿಡಿದು ಹಳೆಯ ಕಾಲದ ಸ್ತುತಿಯವರೆಗೆ ಎಲ್ಲವೂ ನುಸುಳಬಲ್ಲದು. 'ಹಿಂದುಳಿದವರಿಗೆ ಬೆಳಗ್ಗೆ ಒಂದು ಗಂಟೆ ವಿಶೇಷ ತರಗತಿ ನಡೆಸುವುದೇ? ನಡೆಸುವವರಾರು? ಎಂದಿನಿಂದ?' ಎಂದು ಬರೆದರೆ ಉತ್ತರ ಕೊಡದೆ ಗತ್ಯಂತರವಿಲ್ಲ. ಭಾರವಾದುದನ್ನು ಮೊದಲಿಗಿಟ್ಟು, ಪ್ರತಿಯೊಂದರ ಎದುರಿಗೆ ಇಷ್ಟು ನಿಮಿಷವೆಂದು ನಮೂದಿಸಿ, ಸೂಚನಾಪತ್ರವನ್ನು ನಾಲ್ಕಾರು ದಿನ ಮುಂಚಿತವಾಗಿ ತಲುಪಿಸಬೇಕು. 'ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು' ಎಂಬ ಕೊನೆಯ ಸಾಲೊಂದು ಇದ್ದೇ ಇರುತ್ತದೆ. ಆ ಬಾಗಿಲಿಂದ ಏನೇನು ಒಳಬರಬಹುದೆಂಬುದನ್ನು ಬಲ್ಲವರೇ ಬಲ್ಲರು.

ಅಧ್ಯಕ್ಷರ ಹೊಣೆ ಇದಕ್ಕಿಂತ ಕಠಿನವಾದುದು. ಭಾರತದ ಸಂವಿಧಾನದ ಕರಡಿಗೆ ಬಂದ ತಿದ್ದುಪಡಿಗಳು ಸುಮಾರು 7,635. ಸಂವಿಧಾನ ರಚನಾಸಭೆಯಲ್ಲಿ ವಾಸ್ತವವಾಗಿ ಮಂಡಿತವಾದವು 2,473. ಈ ಲೆಕ್ಕವನ್ನು 1949ರ ನವೆಂಬರ್ 25ರಂದು ಡಾ. ಅಂಬೇಡ್ಕರರೇ ಸಭೆಯ ಮುಂದಿಟ್ಟರು. ಬಾಬು ರಾಜೇಂದ್ರಪ್ರಸಾದರ ಅಧ್ಯಕ್ಷತೆಯ ಆ ಸಭೆಯು ಕರಡಿನ ಪರಿಶೀಲನೆಗೆ ತೆಗೆದುಕೊಂಡ ದಿನಗಳು 114. ಇಷ್ಟು ದೊಡ್ಡ ಕಾರ್ಯವೇ ಕ್ರಮಬದ್ಧವಾಗಿ ಸಾಗಿರುವಾಗ ಹತ್ತು ಜನರ ಸಭೆ ದಾರಿ ತಪ್ಪಬೇಕಾಗಿಲ್ಲ.

ತೊಡಕಿರುವುದು ಬೇರೆಡೆ. ವಿಷಯಾಂತರ ಮಾಡುವವರು ವಯೋವೃದ್ಧರೋ ದಾನಿಗಳೋ ಆಗಿದ್ದರೆ ಅವರನ್ನು ತಡೆಯುವವರಾರು? ತಡೆದರೆ ಅವಿನಯ, ತಡೆಯದಿದ್ದರೆ ಕಾರ್ಯಹಾನಿ. ಕಾಲಮಿತಿಯನ್ನು ಮೊದಲೇ ಎಲ್ಲರಿಗೂ ಸಮನಾಗಿ ಓದಿ ಹೇಳಿದ್ದರೆ, ಆಗ ನೆನಪಿಸುವುದು ನಿಯಮವೇ ಹೊರತು ವ್ಯಕ್ತಿಯಲ್ಲ. ಅಭಿಪ್ರಾಯವನ್ನು ಕಿರಿಯರಿಂದ ಕೇಳುತ್ತ ಬರುವುದೂ ಒಳ್ಳೆಯದು. ಮುಖ್ಯೋಪಾಧ್ಯಾಯರು ಮೊದಲು ನುಡಿದ ಮೇಲೆ ಹೊಸದಾಗಿ ಸೇರಿದ ಶಿಕ್ಷಕಿಯು ಬೇರೆಯದನ್ನು ನುಡಿಯಲಾರಳು.

ಹಾಗೆಂದು ಬದಿಗೆ ಸರಿದ ಮಾತೆಲ್ಲವೂ ಅರ್ಥಾಂತರವಲ್ಲ. ವಿಶೇಷ ತರಗತಿಯ ಚರ್ಚೆಯ ನಡುವೆ ಒಬ್ಬರು ಊರಿನ ಬಸ್ಸಿನ ವೇಳೆಯನ್ನೆತ್ತಿದರೆ ಮೇಲ್ನೋಟಕ್ಕೆ ಅದು ಅಪ್ರಸ್ತುತ. ಮೊದಲ ಬಸ್ಸೇ ಒಂಬತ್ತಕ್ಕೆ ಬರುವುದಾದರೆ ಹಳ್ಳಿಯ ಮಕ್ಕಳು ಎಂಟರ ತರಗತಿಗೆ ಮುಟ್ಟುವುದೆಂತು? ಪ್ರಕೃತಕ್ಕೆ ಇದರಿಂದ ಏನೆಂದು ಒಮ್ಮೆ ಮೃದುವಾಗಿ ಕೇಳಿದರೆ ಸಾಕು, ಸಂಬಂಧವಿದ್ದವರು ತೋರಿಸುವರು. ಇಲ್ಲದ ವಿಷಯವನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿರಿಸಿ ಮುಂದಿನ ಸೂಚಿಗೆ ಸೇರಿಸಬಹುದು.

ಕೊನೆಯದು ನಡಾವಳಿ. 'ಚರ್ಚಿಸಲಾಯಿತು' ಎಂಬ ಒಂದೇ ಕ್ರಿಯಾಪದದಿಂದ ಪುಟ ತುಂಬಿಸುವ ಪದ್ಧತಿ ಬಹುಕಾಲದಿಂದ ಬಂದಿದೆ. ಆ ಕರ್ಮಣಿ ಪ್ರಯೋಗದಲ್ಲಿ ಕರ್ತೃವು ಮರೆಯಾಗುವನು. ಕರ್ತೃ ಮರೆಯಾದರೆ ಕಾರ್ಯ ಮಾಡುವವರೂ ಮರೆಯಾಗುವರು. ಯಾರು, ಏನನ್ನು, ಯಾವ ತಾರೀಖಿನೊಳಗೆ ಎಂಬ ಮೂರನ್ನು ಕರ್ತರಿಯಲ್ಲಿಯೇ ಬರೆದು, ಸಭಿಕರು ಏಳುವ ಮುನ್ನ ಓದಿ ಹೇಳಿ ರುಜು ಪಡೆಯಬೇಕು. ಮುಂದಿನ ಸಭೆಯ ಮೊದಲ ಐದು ನಿಮಿಷ ಆ ಪುಟಕ್ಕೇ ಮೀಸಲು.