ಹಳೇ ತಾರೀಖಿನ ಛಾಪಾ ಕಾಗದ

ಈಚೆಗೆ ರೂಮಿನ ಬಾಡಿಗೆ ಕರಾರಿಗೆ ಛಾಪಾ ಕಾಗದ ತರಲು ಸದರ್‌ಗೆ ಹೋಗಿದ್ದೆ. ಮಾರುವವ ಮೆಲ್ಲಗೆ, "ಹಳೇ ತಾರೀಖಿಂದು ಬೇಕೋ, ಹೊಸದೋ?" ಅಂತ ಹಿಂದಿಯಲ್ಲಿ ಕೇಳಿದ. ವಿದ್ಯಾರ್ಥಿವೇತನದ ಅರ್ಜಿಗೆ ಹಿಂದಿನ ತಿಂಗಳುಗಳ ವಿಳಾಸದ ಪುರಾವೆ ಬೇಕಿತ್ತು. "ಹಳೇದೇ ಕೊಡಿ" ಅಂದೆ. ಸ್ವಲ್ಪ ಜಾಸ್ತಿ ದುಡ್ಡು ತಗೊಂಡ, ಅಷ್ಟೇ.

ಅದೇ ವಾರ ಗೆಳೆಯನ ಫೋನಿನಲ್ಲಿ 'ಸ್ಕ್ಯಾಮ್ 2003' ನೋಡಿದೆವು. 2023ರಲ್ಲಿ ಬಂದ ಈ ಹಿಂದಿ ಧಾರಾವಾಹಿಯ ನಾಯಕ ನಮ್ಮ ಕಡೆಯವನೇ, ಬೆಳಗಾವಿ ಜಿಲ್ಲೆ ಖಾನಾಪುರದ ಅಬ್ದುಲ್ ಕರೀಮ್ ತೆಲಗಿ. ರೈಲಿನಲ್ಲಿ ಹಣ್ಣು ಮಾರಿ ಓದಿದವನು. ಅವನೂ ಬಿ.ಕಾಂ.! ಅಮೆರಿಕದ 'ಬ್ರೇಕಿಂಗ್ ಬ್ಯಾಡ್' (2008–2013) ಧಾರಾವಾಹಿಯ ರಸಾಯನಶಾಸ್ತ್ರದ ಮೇಷ್ಟ್ರು ಕೂಡ ಮನೆಯವರಿಗಾಗಿ ಅಂತಲೇ ಅಡ್ಡದಾರಿ ಹಿಡಿಯುತ್ತಾನೆ. ನಿಲ್ಲಿಸಬೇಕಾದ ಜಾಗ ದಾಟಿದ್ದು ಇಬ್ಬರಿಗೂ ಗೊತ್ತಾಗುವುದಿಲ್ಲ.

ತೆಲಗಿಯ ವ್ಯವಹಾರವನ್ನು ನಾವು ವಾಣಿಜ್ಯದವರು ಹೀಗೆ ನೋಡಬಹುದು. ಛಾಪಾ ಕಾಗದದ ಬೆಲೆ ಕಾಗದದ್ದಲ್ಲ, ಸರ್ಕಾರಕ್ಕೆ ಸಲ್ಲುವ ತೆರಿಗೆಯದು. ಅದು ಅಚ್ಚಾಗುತ್ತಿದ್ದದ್ದು ನಾಸಿಕದ ಸರ್ಕಾರಿ ಮುದ್ರಣಾಲಯದಲ್ಲಿ. ತೆಲಗಿ ಮೊದಲು ಮಾರಾಟದ ಪರವಾನಗಿ ಪಡೆದ, ಆಮೇಲೆ ಆ ಮುದ್ರಣಾಲಯದ ಹಳೇ ಯಂತ್ರಗಳನ್ನೇ ಕೈಗೆ ಹಾಕಿಕೊಂಡ. ಬ್ಯಾಂಕು, ವಿಮಾ ಕಂಪನಿ, ಷೇರು ದಲ್ಲಾಳಿಗಳಿಗೆ ಏಜೆಂಟರ ಮೂಲಕ ಸಗಟಾಗಿ ಮಾರಿದ. ಕೊಂಡವರ ಲೆಕ್ಕದಲ್ಲಿ ಖರ್ಚೂ ಸರಿ, ನಗದೂ ಸರಿ. ತಾಳೆಪಟ್ಟಿ ತಾಳೆಯಾಗುತ್ತದೆ! ದುಡ್ಡು ಮಾತ್ರ ಖಜಾನೆಗೆ ಬಂದಿಲ್ಲ. ವ್ಯಾಜ್ಯ ಕೋರ್ಟಿಗೆ ಹೋಗುವವರೆಗೆ ಆ ಕಾಗದವನ್ನು ತಿರುಗಿಸಿ ನೋಡುವವರು ಯಾರು? ಪೊಲೀಸರು, ಅಧಿಕಾರಿಗಳು, ರಾಜಕಾರಣಿಗಳು ಎಲ್ಲರಲ್ಲೂ ಅವನಿಗೆ ಬೇಕಾದವರಿದ್ದರು. 2001ರಲ್ಲಿ ಅಜ್ಮೀರದಲ್ಲಿ ಸಿಕ್ಕಿಬಿದ್ದ. 30 ವರ್ಷದ ಕಠಿಣ ಸಜೆಯಾಯಿತು. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೈದಿಯಾಗಿಯೇ ಸತ್ತ.

ಧಾರಾವಾಹಿ ನೋಡುವಾಗ ಗೆಳೆಯರು, "ಎಂಥಾ ತಲೆ!" ಅಂತ ಹೊಗಳಿದರು. ನಾನೂ ನಕ್ಕೆ. ಆದರೆ ಟ್ರಂಕಿನಲ್ಲಿದ್ದ ನನ್ನ ಕಾಗದ ನೆನಪಾಯಿತು. ಅವನ ಪಾಪದ ಮುಂದೆ ನನ್ನದು ಸಾಸಿವೆ, ನಿಜ. ಆದರೂ ಅವನಂಥವರ ಅಂಗಡಿ ನಡೆಯೋದು "ನನ್ನದೊಂದೇ ತಾನೆ" ಅನ್ನೋ ಗಿರಾಕಿಗಳಿಂದಲೇ ಅಲ್ಲವೆ?

ಅರ್ಜಿಯ ಕೊನೇ ದಿನ ಕಳೆದುಹೋಯಿತು. ಕಾಗದ ಖಾಲಿಯಾಗಿಯೇ ಇದೆ. ಈ ವರ್ಷದ ಫೀಜಿಗೆ ಅಪ್ಪನಿಗೇ ಕಾಗದ ಬರೆಯಬೇಕಾಯ್ತು. ಹೆದರಿ ಬಿಟ್ಟೆನೋ, ನಾಚಿ ಬಿಟ್ಟೆನೋ ಸರಿಯಾಗಿ ಹೇಳಲಾರೆ. ತಾಳೆಪಟ್ಟಿ ಸರಿಬಂದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಅಂತಲ್ಲ ಎಂದು ಪಿಯುಸಿಯಲ್ಲೇ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಈಗ.